ಹಿಂಗೋಡೆಯ ಎಡ ಮೂಲೆ

"ಚಿಕ್ಕಪ್ಪಾ, ಜೋರಾಗಿ ಓಡಿಸ್ತಿದೀನಿ, ಗಟ್ಟಿಯಾಗಿ ಹಿಡ್ಕೊ!" ಎಂದು ಬ್ರಿಟಾ ಕೂಗಿದಳು.

ಬೋಟು ಗ್ಯಾರೇಜಿನ ನಡುವೆ, ಟ್ರೇಲರಿನ ಮೇಲೆ ಅಲುಗಾಡದೆ ಕೂತಿತ್ತು. ಎಂಟು ವರ್ಷದ ಹುಡುಗಿ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ತಿರುವುತ್ತ ಬಾಯಲ್ಲೇ ಮೋಟಾರಿನ ಸದ್ದು ಮಾಡುತ್ತಿದ್ದಳು. ಬಣ್ಣ ಒಣಗಿದ ಮೇಲೆ ಅವಳಿಗೆ ಒಳಗೆ ಕೂರಲು ಇವತ್ತೇ ಅಪ್ಪಣೆ ಸಿಕ್ಕಿತ್ತು, ಅದೂ ಬೂಟು ಬಿಚ್ಚಿಟ್ಟು. ಟಾಡ್ ಏನನ್ನೂ ಹಿಡಿದುಕೊಳ್ಳಲಿಲ್ಲ. ಹೀಟರಿನ ಹತ್ತಿರ ಹೋದ, ಕಿಟಕಿಯ ಹತ್ತಿರ ಬಂದ, ಮತ್ತೆ ಹೀಟರಿನ ಹತ್ತಿರ ಹೋದ. ಹೊರಗೆ ಕೆರೆಯ ಮೇಲಿನ ಮಂಜುಗಡ್ಡೆ ಅಂಚಿನಲ್ಲಿ ಬೂದು ಬಣ್ಣಕ್ಕೆ ತಿರುಗಿತ್ತು.

"ನಿನ್ನ ಕಾಲಿಗೆ ಹಗ್ಗ ಕಟ್ಬೇಕು ಕಣೋ," ಎಂದ ಅವನಣ್ಣ ಎಲ್ಡನ್, ಮೂಲೆಯಿಂದ ಬೋಟಿನ ಮೋಟಾರು ಹೊತ್ತ ಗಾಡಿಯನ್ನು ತಳ್ಳಿಕೊಂಡು ಬರುತ್ತ. "ಸೋಮವಾರ ಹಡಗು ಹತ್ತೋದು ಇದ್ದೇ ಇದೆ. ಅಲ್ಲೀವರೆಗೆ ನನ್ನ ನೆಲ ಸವೆಸ್ಬೇಡ."

"ನಿನ್ನ ನೆಲಕ್ಕೇನಾಗುತ್ತೆ? ಹಾಕ್ದೋನು ನಾನು."

"ಏನಂದೆ?"

ಟಾಡ್ ಮುಖ ತಿರುಗಿಸಿ, ತುಟಿ ಕಾಣುವ ಹಾಗೆ ಮತ್ತೊಮ್ಮೆ ಹೇಳಿದ. ಎಲ್ಡನ್ ನಕ್ಕ. ಕಾಗದದ ಕಾರ್ಖಾನೆಯ ಯಂತ್ರಗಳ ನಡುವೆ ಇಪ್ಪತ್ತು ವರ್ಷ ದುಡಿದು ಅವನ ಕಿವಿ ಹೋಗಿತ್ತು. ಕಿವಿಗೆ ಸಿಕ್ಕಿಸಿದ ಯಂತ್ರದಿಂದ ಮಾತೇನೋ ಅಷ್ಟಿಷ್ಟು ಕೇಳುತ್ತಿತ್ತು. ಆದರೆ ಹಕ್ಕಿಯ ಕೂಗು, ಲೋಟ ತಾಗಿದ ಸದ್ದು, ಗಂಟೆಯ ಕೊನೆಯ ಎಳೆ ಇವೆಲ್ಲ ಅವನಿಗೆ ಇಲ್ಲವಾಗಿದ್ದವು. ಏನನ್ನು ಬಡಿದರೂ ಕಂಬಳಿಯ ಮೇಲೆ ಬಡಿದ ಹಾಗೆಯೇ ಕೇಳುತ್ತದೆ ಎನ್ನುತ್ತಿದ್ದ.

ಅದಕ್ಕೇ ಬಡಿದು ನೋಡುವ ಕೆಲಸ ಟಾಡ್‌ನ ಪಾಲಿಗೆ ಬಂದಿತ್ತು.

ಬೋಟು ಅವರಪ್ಪನದು. ಅರವತ್ತೆರಡರಲ್ಲಿ ತಯಾರಾದ ಫೈಬರ್ ಬೋಟು, ಆ ಕಾಲದ ಕಾರುಗಳಿಗಿದ್ದಂಥ ಬಾಲದ ರೆಕ್ಕೆಗಳು ಬೇರೆ. ಅಪ್ಪ ಸತ್ತಾಗಿನಿಂದ ಶೆಡ್ಡಿನ ಹಿಂದೆ ಟಾರ್ಪಾಲಿನ ಕೆಳಗೆ ಬಿದ್ದಿತ್ತು. ಮಹಾಸರೋವರಗಳು ಹೆಪ್ಪುಗಟ್ಟಿ ತಾನು ದುಡಿಯುವ ಸರಕು ಹಡಗು ನಿಂತಾಗ ಟಾಡ್ ಅಣ್ಣನ ಮನೆಯ ನೆಲಮಾಳಿಗೆಗೆ ಬಂದು ಬೀಳುವುದು ವಾಡಿಕೆ. ಈ ಚಳಿಗಾಲ ಸುಮ್ಮನೆ ಕೂತು ಬಿಯರ್ ಕುಡಿಯುವ ಬದಲು ಇದನ್ನು ಎಬ್ಬಿಸೋಣ ಎಂದದ್ದು ಎಲ್ಡನ್.

ಫೈಬರ್ ಕೊಳೆಯುವುದಿಲ್ಲ. ಕೊಳೆಯುವುದು ಅದರ ಹೊಟ್ಟೆಯೊಳಗಿನ ಪ್ಲೈವುಡ್. ಹಳೇ ಬೋಲ್ಟಿನ ತೂತುಗಳಿಂದ ನೀರು ಇಳಿದು ವರ್ಷಗಟ್ಟಲೆ ಒಳಗೇ ಕೂತಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಸುತ್ತಿಗೆಯ ಹಿಡಿಯಿಂದ ಬಡಿಯುತ್ತ ಹೋಗಬೇಕು. ಗಟ್ಟಿ ಜಾಗ ಟಣ್ ಎನ್ನುತ್ತದೆ, ಕೊಳೆತ ಜಾಗ ದಬ್ ಎನ್ನುತ್ತದೆ. ಫೆಬ್ರವರಿಯಲ್ಲಿ ಟಾಡ್ ಬಡಿಯುತ್ತ ಹೋಗಿದ್ದ. ಎಲ್ಡನ್ ಚಾಕ್‌ಪೀಸ್ ಹಿಡಿದು ಎದುರಿಗೆ ನಿಂತು, ತಮ್ಮ "ಕೆಟ್ಟಿದೆ" ಅಂದಲ್ಲೆಲ್ಲ ಗೀಟು ಹಾಕುತ್ತಿದ್ದ. ಬೋಟಿನ ನೆಲದ ತುಂಬ ಗೀಟು ಬಿದ್ದಿತ್ತು. ನೆಲವನ್ನೆಲ್ಲ ಕಿತ್ತು ಹೊಸದು ಹಾಕಿದ್ದರು.

ಕೊನೆಗೆ ಉಳಿದದ್ದು ಹಿಂಗೋಡೆ, ಮೋಟಾರಿನ ಭಾರವನ್ನೆಲ್ಲ ಹೊರುವ ಹಿಂಬದಿಯ ಅಡ್ಡಗೋಡೆ. ಟಾಡ್ ಬಲದಿಂದ ಎಡಕ್ಕೆ ಬಡಿಯುತ್ತ ಬಂದ. ಟಣ್, ಟಣ್, ಟಣ್. ಎಡ ಮೂಲೆಯ ಕೆಳಗೆ, ದಬ್.

ಅದೇ ಬೆಳಿಗ್ಗೆ ಹಡಗಿನಿಂದ ಫೋನು ಬಂದಿತ್ತು. ಈ ಸಲ ಬೇಗ ಹೊರಡುತ್ತೇವೆ, ಮಾರ್ಚ್ ಕೊನೆಗೆ ಸುಪೀರಿಯರ್ ಬಂದರಿಗೆ ಬಾ ಎಂದು. ಹಿಂಗೋಡೆ ಬಿಚ್ಚಿದರೆ ಹೊಸ ಹಲಗೆ, ರಾಳ, ಅದು ಈ ಚಳಿಯಲ್ಲಿ ಗಟ್ಟಿಯಾಗುವವರೆಗೆ ಕಾಯುವುದು, ಮತ್ತೆ ಬಣ್ಣ. ಏಪ್ರಿಲ್ ಪೂರ್ತಿ ಈ ಗ್ಯಾರೇಜಿನಲ್ಲೇ. ಆ ಯೋಚನೆಗೇ ಅವನ ಅಂಗಾಲು ತುರಿಸತೊಡಗಿತ್ತು.

"ಚೆನ್ನಾಗಿದೆ," ಎಂದಿದ್ದ.

"ಯಾವುದಕ್ಕೂ ಒಂದು ತೂತು ಕೊರೆದು ನೋಡೋಣ್ವಾ?"

"ಗಟ್ಟಿ ಇರೋ ಜಾಗಕ್ಕೆ ಯಾಕೆ ತೂತು ಹಾಕ್ತೀಯಾ?"

ಎಲ್ಡನ್ ಚಾಕ್‌ಪೀಸನ್ನು ಜೇಬಿಗೆ ಹಾಕಿಕೊಂಡಿದ್ದ.

ಈಗ ಅವನು ಮೋಟಾರಿಗೆ ತೊಲೆಯ ರಾಟೆಯ ಸರಪಳಿ ಸಿಕ್ಕಿಸುತ್ತಿದ್ದ. "ಇವತ್ತೇ ಏರಿಸಿಬಿಡೋಣ. ನೀನು ಹೋದ್ಮೇಲೆ ನನ್ನೊಬ್ಬನ ಕೈಲಾಗಲ್ಲ. ಮೇನಲ್ಲಿ ಮೀನು ಹಿಡಿಯೋಕೆ ಬಿಡೋ ಮೊದಲ್ನೇ ದಿನಾನೇ ಇಳಿಸ್ತೀನಿ. ನಾನು, ಡೋರೀನ್, ಇವಳು. ಸೀದಾ ಕೆರೆ ಮಧ್ಯಕ್ಕೆ."

"ನಾನು ಹಿಂದಿನ ಸೀಟು!" ಬ್ರಿಟಾ ಸ್ಟಿಯರಿಂಗ್ ಬಿಟ್ಟು ಸೀಟು ದಾಟಿ ಹಿಂದಕ್ಕೆ ಬಂದಳು. ಹಿಂಗೋಡೆಯ ಎಡ ಮೂಲೆಗೆ ಒರಗಿ ಒಂದು ಕೈ ಹೊರಗೆ ಇಳಿಬಿಟ್ಟು ಇಲ್ಲದ ನೀರಿನಲ್ಲಿ ಬೆರಳಾಡಿಸಿದಳು. "ಚಿಕ್ಕಪ್ಪಾ, ಇಲ್ಲಿ ಕೂತ್ರೆ ನೀರು ಮುಖಕ್ಕೆ ಹಾರುತ್ತೆ ಅಲ್ವಾ?"

"ಹಾರುತ್ತೆ," ಎಂದ ಟಾಡ್.

ಮಂಜುಗಡ್ಡೆ ಆಗಷ್ಟೇ ಕರಗಿದ ಮೇ ತಿಂಗಳ ನೀರು ಬಿದ್ದವರ ಕೈಕಾಲನ್ನು ನಿಮಿಷಗಳಲ್ಲೇ ಮರಗಟ್ಟಿಸುತ್ತದೆಂದು ಅವನಿಗೆ ಗೊತ್ತಿತ್ತು. ಹಡಗಿನವರು ಅದರ ಮಾತನ್ನೇ ಎತ್ತುವುದಿಲ್ಲ. ಅಲೆಗೆ ಎದುರಾಗಿ ಮೋಟಾರು ಒಮ್ಮೆ ಜಗ್ಗಿದರೆ ಕೊಳೆತ ಗೋಡೆ ಕಿತ್ತುಕೊಂಡು ಹೋಗುತ್ತದೆ, ಆಮೇಲೆ ಹಿಂದಿನಿಂದ ಒಳಗೆ ಬರುವುದು ಕೆರೆ. ಅವನು ಸುತ್ತಿಗೆ ತೆಗೆದುಕೊಂಡು, ಹುಡುಗಿಯ ಕೈಯ ಕೆಳಗೆ ಹಿಡಿಯಿಂದ ಒಮ್ಮೆ ಬಡಿದ. ಹೊಸ ಬಣ್ಣದಡಿಯಿಂದಲೂ ಅದೇ ಸದ್ದು ಬಂತು.

"ಸರಪಳಿ ಎಳಿಯೋ, ಏನು ಬಡೀತಾ ನಿಂತೆ?"

ಟಾಡ್ ಸುತ್ತಿಗೆ ಕೆಳಗಿಟ್ಟು ಡ್ರಿಲ್ ಎತ್ತಿಕೊಂಡ. ಮಂಡಿಯೂರಿ, ಹೊಳೆಯುತ್ತಿದ್ದ ಹಸಿರು ಬಣ್ಣಕ್ಕೆ ಮೊನೆ ಇಟ್ಟು ಒತ್ತಿದ.

"ಏಯ್! ಹುಚ್ಚು ಹಿಡಿದಿದೆಯೇನೋ? ಬಣ್ಣ!" ಎಲ್ಡನ್ ಸರಪಳಿ ಬಿಟ್ಟು ಓಡಿಬಂದ.

ಮೊದಲು ಹಸಿರು ಪುಡಿ ಬಂತು, ಆಮೇಲೆ ಬಿಳಿ. ಆಮೇಲೆ ಒಣ ಮರದ ಹಳದಿ ಪುಡಿ ಬರಬೇಕಿತ್ತು. ಬಂದದ್ದು ಸೋಸಿ ಬಿಸಾಡಿದ ಕಾಫಿ ಚರಟದಂಥ ಕಪ್ಪು ಮುದ್ದೆ. ಟಾಡ್ ಡ್ರಿಲ್ ಹೊರಗೆಳೆದ. ತೂತಿನಿಂದ ಕಂದು ನೀರು ದಾರದಂತೆ ಇಳಿದು ಹಸಿರಿನ ಮೇಲೆ ಗೆರೆ ಎಳೆಯಿತು.

ಎಲ್ಡನ್ ಅದನ್ನು ಬೆರಳಿಂದ ಒರೆಸಿ ಮೂಸಿದ.

"ಬಡಿದಾಗ ಗೊತ್ತಾಗ್ಲಿಲ್ವಾ?"

ಟಾಡ್ ನೆಲ ನೋಡುತ್ತ ಹೇಳಿದ, "ಗೊತ್ತಾಗಿತ್ತು."

"ಏನಂದೆ?"

ಅಣ್ಣನಿಗೆ ನಿಜವಾಗಿಯೂ ಕೇಳಿಸಲಿಲ್ಲವೋ, ಮುಖ ನೋಡಿಯೇ ಹೇಳಲಿ ಎಂದು ಕೇಳಿದನೋ ತಿಳಿಯಲಿಲ್ಲ. ಟಾಡ್ ತಲೆ ಎತ್ತಿದ. ತುಟಿ ಕಾಣುವ ಹಾಗೆ ಹೇಳಿದ.

"ಅವತ್ತೇ ಗೊತ್ತಾಗಿತ್ತು. ಹೊರಡಬೇಕಿತ್ತು ನಂಗೆ. ಅದಕ್ಕೆ ಚೆನ್ನಾಗಿದೆ ಅಂದೆ."

ಎಲ್ಡನ್ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ತುಂಬ ಹೊತ್ತು ಒರೆಸಿಕೊಂಡ.

"ಬ್ರಿಟಾ, ಇಳಿ."

"ಈಗ ತಾನೇ ಹತ್ತಿದ್ದು ಅಪ್ಪಾ..."

"ಇಳಿ ಅಂದೆ!"

ಹುಡುಗಿ ಇಳಿದು, ಬೂಟನ್ನು ಕೈಯಲ್ಲೇ ಹಿಡಿದುಕೊಂಡು ಮನೆಯೊಳಕ್ಕೆ ಓಡಿದಳು. ಅವಳು ತೆರೆದು ಹೋದ ಬಾಗಿಲಿನಿಂದ ಅವಳಮ್ಮ ಡೋರೀನಳ ದನಿ ಬಂತು. "ಜಿಂಕೆ ಸಾಸೇಜು ಸೀದು ಹೋಗ್ತಿದೆ, ಮಹಾನುಭಾವರು ಬರ್ತೀರೋ ಹೆಂಗೆ?" ಎಲ್ಡನ್‌ಗೆ ಅದು ಕೇಳಿಸಿರಲಿಲ್ಲ.

"ನೀನು ಸೋಮವಾರ ಹೊರಡು," ಎಂದ ಎಲ್ಡನ್. "ಇದನ್ನ ನಾನು ನೋಡ್ಕೋತೀನಿ."

"ಹೆಂಗೆ ನೋಡ್ಕೋತೀಯಾ? ಎಲ್ಲೀವರೆಗೆ ಕೊಳೆತಿದೆ ಅಂತ ಕೇಳೋರ್ಯಾರು?"

"ಯಾರನ್ನಾದ್ರೂ ಕರ್ಕೊಂಡು ಬರ್ತೀನಿ. ನಿಜ ಹೇಳೋರನ್ನ."

ಟಾಡ್‌ನ ಬಾಯಿಗೆ ಒಂದು ತಮಾಷೆಯ ಮಾತು ಬಂತು. ಯಾವಾಗಲೂ ಬರುತ್ತಿತ್ತು. ಅದನ್ನು ನುಂಗಿದ.

ಎಲ್ಡನ್ ಬೆನ್ನು ತಿರುಗಿಸಿ ಬೆಂಚಿನ ಕಡೆ ಹೋದ. ಡ್ರಾಯರು ಎಳೆದ, ಮುಚ್ಚಿದ, ಇನ್ನೊಂದು ಎಳೆದ. ಹಾಗೆಯೇ ಮನೆಯೊಳಗೆ ಹೋಗಿಬಿಡುತ್ತಾನೆಂದು ಟಾಡ್ ಕಾದ. ಬಾಗಿಲ ಪಕ್ಕದಲ್ಲಿ ಟಾಡ್‌ನ ಚೀಲ ಕಟ್ಟಿ ಸಿದ್ಧವಾಗಿತ್ತು. ಹಡಗಿನ ಬೂಟುಗಳು ಅದರ ಮೇಲಿದ್ದವು.

ಎಲ್ಡನ್ ವಾಪಸು ಬಂದ. ಕೈಯಲ್ಲಿ ಚಾಕ್‌ಪೀಸಿನ ತುಂಡಿತ್ತು. ನೆಲದಿಂದ ಸುತ್ತಿಗೆ ಎತ್ತಿ ತಮ್ಮನ ಎದೆಗೆ ತಾಗುವ ಹಾಗೆ ಚಾಚಿದ.

"ಎಲ್ಡನ್, ಹಡಗಿನವರಿಗೆ ಫೋನ್ ಮಾಡಿ ನಾನು..." ಟಾಡ್ ಶುರುಮಾಡಿದ.

ಎಲ್ಡನ್ ಕಿವಿಯಿಂದ ಯಂತ್ರವನ್ನು ಬಿಡಿಸಿ ಅಂಗಿಯ ಜೇಬಿಗೆ ಹಾಕಿ, ಗುಂಡಿ ಹಾಕಿಕೊಂಡ.

ಟಾಡ್ ಮಂಡಿಯೂರಿದ. ತೂತಿನಿಂದ ಒಂದು ಗೇಣು ಬಲಕ್ಕೆ ಸರಿದು ಬಡಿದ. ಇನ್ನಷ್ಟು ಸರಿದು ಬಡಿದ. ಎಲ್ಡನ್ ಎದುರಿಗೆ ಕುಕ್ಕರುಗಾಲಲ್ಲಿ ಕೂತಿದ್ದ. ಚಾಕ್‌ಪೀಸ್ ಹಿಡಿದ ಕೈ ಬೋಟಿನ ಹತ್ತಿರವೇ ಇತ್ತು. ಕಣ್ಣು ಬೋಟಿನ ಮೇಲಿರಲಿಲ್ಲ. ಪ್ರತಿ ಏಟಿಗೂ ಅವನು ತಮ್ಮನ ಮುಖವನ್ನೇ ನೋಡುತ್ತಿದ್ದ.