ಸಮಾಧಾನ ಹೇಳುವ ಕೆಲಸ

ಮಾತಾಡುವುದನ್ನು ಕಲಿಯಲು ಅಣ್ಣನ ಮಗಳು ವಿಮಾನ ಹತ್ತುತ್ತಾಳೆ ಎಂದು ಕೇಳಿ ಸೋದರತ್ತೆಗೆ ನಗು ತಡೆಯಲಾಗಲಿಲ್ಲ. "ಹಲ್ಲು ಬರೋಕೆ ಮುಂಚೆ ಮಾತು ಬಂದಿತ್ತಲ್ಲೇ ನಿಂಗೆ! ಇನ್ನೇನು ಕಲಿಯೋದು ಉಳಿದಿದೆ?" ಎಂದವಳೇ ಅಲ್ಲೇ ಅವಳಿಗೆ ದುಭಾಷಿ ಎಂದು ಹೆಸರಿಟ್ಟಳು. ತಮಾಷೆಗೆ ಇಟ್ಟ ಹೆಸರು ಮೈಗಂಟಿಕೊಂಡಿತು. ಮನೆಯಲ್ಲಿ ಈಗ ಅವಳ ನಿಜವಾದ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ನಾವೂ ಹಾಗೇ ಕರೆಯೋಣ.

ಅತ್ತೆ ನಕ್ಕಿದ್ದೇನೋ ನಕ್ಕಳು, ಆದರೆ ಅದು ನಗುವ ವಿದ್ಯೆಯಲ್ಲ. ಒಂದು ನಾಡಿನವರು ಇನ್ನೊಂದು ನಾಡಿನವರ ಜೊತೆ ಮಾತಾಡುವಾಗ ಎಲ್ಲೆಲ್ಲಿ ಎಡವುತ್ತಾರೆ ಎಂಬುದನ್ನು ಕಲಿಯಲೇಬೇಕು. ಪರದೇಶದ ಆ ತರಗತಿಯಲ್ಲಿ ಹತ್ತಾರು ಭಾಷೆಯವರು ದುಂಡಗೆ ಕೂರುತ್ತಿದ್ದರು. ಅವರಲ್ಲೊಬ್ಬ ಹುಡುಗ ಬೆಳೆದ ಕಡೆ, ಮೂರು ಸಲ ಒತ್ತಾಯ ಮಾಡಿಸಿಕೊಂಡ ಮೇಲೆಯೇ ಕಾಫಿಗೆ ಹೂಂ ಅನ್ನುವುದು ಮರ್ಯಾದೆ. ಅವನಿಗೆ ಬಾಡಿಗೆಗೆ ಕೋಣೆ ಕೊಟ್ಟಾಕೆಯ ಕಡೆ ಎರಡನೇ ಸಲ ಕೇಳುವುದೇ ಅಧಿಕಪ್ರಸಂಗ. ಪಾಪ, ಇಡೀ ಚಳಿಗಾಲ ಅವನು ಬೇರೆಯವರ ಲೋಟದ ಹಬೆ ನೋಡಿಕೊಂಡೇ ಕಳೆದ. ಇಂಥದ್ದನ್ನೆಲ್ಲ ದುಭಾಷಿ ಕಿವಿಗೊಟ್ಟು ಕೇಳಿದಳು. ಯಾರು ತಲೆಯಾಡಿಸಿದರೆ ಒಪ್ಪಿಗೆ, ಯಾರು ತಲೆಯಾಡಿಸಿದರೆ ಬರೀ 'ಕೇಳಿಸಿತು' ಎಂದರ್ಥ, ಎಲ್ಲವೂ ಅವಳಿಗೆ ಬಲುಬೇಗ ಕರಗತವಾಯಿತು.

ಕೊನೆಗೆ ಅವಳು ಪ್ರಬಂಧ ಬರೆದದ್ದು ಕ್ಷಮೆ ಕೇಳುವುದರ ಬಗ್ಗೆ. ಕೆಲವು ಕಡೆ 'ತಪ್ಪಾಯ್ತು' ಎನ್ನುವುದು ಬರೀ ಸೌಜನ್ಯ, ದಾರಿಯಲ್ಲಿ ಭುಜ ತಾಗಿದರೂ ಅನ್ನುತ್ತಾರೆ. ಕೆಲವು ಕಡೆ ಅದು ಬಾಯಾರೆ ಕೊಟ್ಟ ತಪ್ಪೊಪ್ಪಿಗೆ, ನಾಳೆ ಕೋರ್ಟಿನಲ್ಲಿ ಕೊರಳಿಗೆ ಸುತ್ತಿಕೊಳ್ಳುತ್ತದೆ. ಹಾಗಾದರೆ ತಪ್ಪು ಒಪ್ಪಿಕೊಳ್ಳದೆಯೂ ಎದುರಿನವರ ಮನಸ್ಸನ್ನು ತಣ್ಣಗಾಗಿಸುವುದು ಹೇಗೆ? ದುಭಾಷಿ ಅದನ್ನು ಎಷ್ಟು ಚೆನ್ನಾಗಿ ಬಿಡಿಸಿಟ್ಟಳೆಂದರೆ, ಹಲವು ದೇಶಗಳಲ್ಲಿ ಬಂದರು ನಡೆಸುವ ಕಂಪನಿಯೊಂದು ತಾನಾಗಿ ಹುಡುಕಿಕೊಂಡು ಬಂದು ಕೆಲಸ ಕೊಟ್ಟಿತು.

ಕಂಪನಿಗಳು ಸುಮ್ಮಸುಮ್ಮನೆ ಯಾರನ್ನೂ ಹುಡುಕಿಕೊಂಡು ಬರುವುದಿಲ್ಲ. ಎಲ್ಲಿ ಮುಷ್ಕರವೋ, ಎಲ್ಲಿ ಯಾರದೋ ಕೈಕಾಲು ಮುರಿಯಿತೋ, ಎಲ್ಲಿ ಸಾವೋ, ಅಲ್ಲಿಗೆ ಅವಳ ಟಿಕೆಟ್ಟು ತಯಾರು. ಹೋಗಿ ಕೂತು, ಅವರ ಕಡೆಯ ರೀತಿಯಲ್ಲೇ ತಲೆತಗ್ಗಿಸಿ, "ನಿಮ್ಮ ನೋವಿನಲ್ಲಿ ನಾವೂ ಇದ್ದೇವೆ" ಎನ್ನುತ್ತಿದ್ದಳು. ಆ ಮಾತಿನಲ್ಲಿ ಪ್ರೀತಿಯಿತ್ತು, ಮರ್ಯಾದೆಯಿತ್ತು, ಹೊಣೆ ಮಾತ್ರ ಹುಡುಕಿದರೂ ಸಿಗುತ್ತಿರಲಿಲ್ಲ. ಕಂಪನಿಯ ಕಾನೂನು ವಿಭಾಗದ ದೊಡ್ಡ ಸಾಹೇಬರಿಗಂತೂ ಅವಳೆಂದರೆ ಅಚ್ಚುಮೆಚ್ಚು. "ನಿನ್ನ ನಾಲಿಗೆಯೇ ನಮ್ಮ ವಿಮೆ" ಎನ್ನುತ್ತಿದ್ದರು. ಅವಳು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದಳು.

ಹೀಗಿರುವಾಗ ಅವಳ ತಾಯಿನುಡಿಯನ್ನೇ ಆಡುವ ಒಂದು ಬಂದರಿನಲ್ಲಿ ಅಪಘಾತವಾಯಿತು. ಕ್ರೇನಿನಿಂದ ಇಳಿಯುತ್ತಿದ್ದ ಕಂಟೇನರ್ ನಡುವೆಯೇ ಜಾರಿ, ಕೆಳಗೆ ನಿಂತಿದ್ದ ಕೆಲಸಗಾರನ ಮೇಲೆ ಬಿತ್ತು. ಅವನು ಅಲ್ಲೇ ಸತ್ತ. ಮೇಲೆ ಕ್ರೇನ್ ನಡೆಸುತ್ತಿದ್ದವನು ಅವನ ಹೆಂಡತಿಯ ಸ್ವಂತ ತಮ್ಮ.

ಅದೇ ವಾರ ನಡೆದ ಮೀಟಿಂಗಿನಲ್ಲಿ ಆ ಬಂದರಿನ ಎಂಜಿನಿಯರ್ ತಲೆತಗ್ಗಿಸಿ ಹೇಳಿದ: "ಬ್ರೇಕ್ ಸವೆದುಹೋಗಿತ್ತು. ಬದಲಾಯಿಸಬೇಕು ಅಂತ ಮೊದಲೇ ಹೇಳಿದ್ದೆ. ಈ ಹಡಗು ಹೋಗಲಿ, ಆಮೇಲೆ ನೋಡೋಣ ಅಂತ ಮೇಲಿನೋರು ಅಂದ್ರು." ಅದನ್ನು ಸಾಹೇಬರ ಭಾಷೆಗೆ ತಿರುಗಿಸಬೇಕಾದವಳು ದುಭಾಷಿ. "ಯಂತ್ರದ ಸ್ಥಿತಿಯ ಬಗ್ಗೆ ಇವರಿಗೆ ಕೆಲವು ಸಂದೇಹಗಳಿವೆ" ಎಂದಳು. ಅಷ್ಟು ನುಣ್ಣಗೆ ಮಾಡಿದರೂ ಸಾಹೇಬರಿಗೆ ಅರ್ಥವಾಯಿತು. ಈ ಮಾತು ಈ ಕೋಣೆ ದಾಟಬಾರದು ಎಂದರು. ಬ್ರೇಕಿನ ಮಾತು ಮುಚ್ಚಿಹೋಗಿ, 'ಆಪರೇಟರ್ ಕೈ ತಪ್ಪಿರಬಹುದು' ಎಂಬ ಮಾತು ಹೊರಗೆ ಬಂತು.

ತಿಂಗಳು ಕಳೆಯುವುದರೊಳಗೆ ದುಭಾಷಿಯನ್ನು ಸತ್ತವನ ಮನೆಗೆ ಕಳಿಸಿದರು. ಕಂಪನಿ ಕೊಡುವ ಪರಿಹಾರ ತೆಗೆದುಕೊಂಡು, ಇನ್ನು ತಕರಾರಿಲ್ಲ ಎಂದು ಮನೆಯವರು ಒಪ್ಪಿದರೆ ಸಾಕು. ಒಪ್ಪಿಸಿಕೊಂಡು ಬಂದರೆ ಆ ಭಾಗದ ಎಲ್ಲ ದೇಶಗಳ ಆಫೀಸುಗಳಿಗೂ ಅವಳೇ ಮುಖ್ಯಸ್ಥೆ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಮಧ್ಯಾಹ್ನದ ಬಿಸಿಲಿಗೆ ಕಿಟಕಿಯ ಸರಳಿಗೆ ಅಡ್ಡ ಒಂದು ಟವೆಲ್ ಕಟ್ಟಿದ್ದರು. ಮಂಚದ ತುದಿಯಲ್ಲಿ ತಮ್ಮ ಕೂತಿದ್ದ, ಕ್ಷೌರ ಕಂಡು ಎಷ್ಟೋ ದಿನವಾದ ಮುಖ. ಅಕ್ಕ ಅಡುಗೆಮನೆಯ ಹೊಸಿಲ ಹತ್ತಿರ ನಿಂತಿದ್ದಳು.

"ಫೋನಲ್ಲಿ ಮಾತಾಡಿದೋರು ನೀವೇ ಅಲ್ವಾ? ಧ್ವನೀಲೇ ಗೊತ್ತಾಯ್ತು" ಎಂದಳು ಅಕ್ಕ. ಆಮೇಲೆ, ತಮ್ಮನ ಕಡೆ ನೋಡದೆ, "ಆ ಕುರ್ಚಿ ಈ ಕಡೆ ಹಾಕೋಕೆ ಹೇಳಿ ಅವನಿಗೆ" ಎಂದಳು.

ತಮ್ಮ ಮೂರು ಹೆಜ್ಜೆ ದೂರದಲ್ಲಿದ್ದ. ಅವನಿಗೆ ಕಿವಿ ಸರಿಯಾಗಿಯೇ ಕೇಳಿಸುತ್ತಿತ್ತು. ಆದರೂ ಅವನು ಏಳಲಿಲ್ಲ, ದುಭಾಷಿಯ ಮುಖ ನೋಡುತ್ತ ಕಾದ. "ಕುರ್ಚಿ ಈ ಕಡೆ ಹಾಕಬೇಕಂತೆ" ಎಂದು ಅವಳು ಹೇಳಿದ ಮೇಲೆ ಎದ್ದು ಎಳೆದುಕೊಟ್ಟ. "ಫ್ಯಾನ್ ಹಾಕಲಾ ಅಂತ ಕೇಳಿ ಅಕ್ಕನ್ನ" ಎಂದ. ಅವಳು ಕೇಳಿದಳು. ಎಷ್ಟೋ ಭಾಷೆಗಳ ನಡುವೆ ನಿಂತು ಮಾತು ದಾಟಿಸಿದವಳು, ಒಂದೇ ತಾಯಿಯ ಮಕ್ಕಳ ನಡುವೆ ನಿಂತು ಒಂದೇ ಭಾಷೆಯನ್ನು ಅತ್ತಿಂದಿತ್ತ ದಾಟಿಸಿದ್ದು ಇದೇ ಮೊದಲು.

ಅವಳು ಪರಿಹಾರದ ವಿಷಯ ಎತ್ತಿದಾಗ ಮಾತು ಮುಗಿಸಲೂ ತಮ್ಮ ಬಿಡಲಿಲ್ಲ.

"ಅಕ್ಕ ಹೇಗೆ ಹೇಳಿದ್ರೆ ಹಾಗೆ ಮೇಡಂ. ತಕರಾರು ಮಾಡೋಕೆ ನನಗೇನು ಮುಖ ಇದೆ? ಭಾವನೇ ಹತ್ತು ಜನರ ಕೈಕಾಲು ಹಿಡಿದು ನನ್ನನ್ನ ಆ ಕೆಲಸಕ್ಕೆ ಸೇರಿಸಿದ್ದು. ಅವರ ತಲೆ ಮೇಲೇ ಬೀಳಿಸಿದೆ." ತನ್ನ ಬಲಗೈ ಬಿಚ್ಚಿ ನೋಡಿಕೊಂಡ. "ಬ್ರೇಕ್ ಹಾಕಿದೆ ಅಂತಲೇ ನನ್ನ ನೆನಪು. ಆದ್ರೆ ಹಾಕಿದ್ರೆ ನಿಲ್ಲಬೇಕಿತ್ತಲ್ವಾ? ನಿಲ್ಲಲಿಲ್ಲ. ಅಂದ್ಮೇಲೆ ಹಾಕಿಲ್ಲ."

ಈಗ ಹೇಳಬೇಕಾದ ವಾಕ್ಯ ಅವಳ ನಾಲಿಗೆಯ ತುದಿಯಲ್ಲೇ ಇತ್ತು, ನಿಮ್ಮ ನೋವಿನಲ್ಲಿ ನಾವೂ ಇದ್ದೇವೆ. ಅದನ್ನು ಹೇಳಿ, ತಲೆತಗ್ಗಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಹೋದರೆ ಕೆಲಸ ಮುಗಿಯುತ್ತಿತ್ತು. ಆದರೆ ಈ ಮನುಷ್ಯ ಬದುಕಿರುವಷ್ಟು ದಿನ ಹೀಗೇ ಕೈ ನೋಡಿಕೊಂಡು ಕೂರುತ್ತಾನೆ ಎನ್ನಿಸಿ, ಅವಳಿಗೆ ಆ ವಾಕ್ಯ ಬಾಯಿಗೆ ಬರಲಿಲ್ಲ.

"ನಿಮ್ಮ ತಪ್ಪಲ್ಲ" ಎಂದಳು.

ಅವನು ನಕ್ಕ. "ನೀವು ಒಳ್ಳೆಯವರು ಮೇಡಂ."

"ಇಲ್ಲ, ಕೇಳಿ. ಬ್ರೇಕ್ ಕೆಟ್ಟಿತ್ತು. ಸವೆದುಹೋಗಿತ್ತು. ಎಂಜಿನಿಯರೇ ಹೇಳಿದ್ದಾರೆ."

"ಆಯ್ತು, ಹಾಗೇ ಅಂದ್ಕೊಳ್ಳೋಣ ಬಿಡಿ" ಎಂದ, ಹಟ ಮಾಡುವ ಮಗುವನ್ನು ಸಾಗಹಾಕುವಂತೆ. "ಬಂದೋರೆಲ್ಲ ಏನಾದ್ರೂ ಒಂದು ಸಮಾಧಾನ ಹೇಳ್ತಾರೆ. ನೀವು ಚೆನ್ನಾಗಿ ಹೇಳ್ತೀರಿ."

ದುಭಾಷಿಗೆ ಮೈಯೆಲ್ಲ ಉರಿಯಿತು. ಕೋಪ ಅವನ ಮೇಲಲ್ಲ, ತನ್ನ ಧ್ವನಿಯ ಮೇಲೆ. ವರ್ಷಗಟ್ಟಲೆ ಹದಮಾಡಿದ ಧ್ವನಿ ಅದು, ಎಲ್ಲಿ ತಗ್ಗಬೇಕು ಎಲ್ಲಿ ನಿಲ್ಲಬೇಕು ಎಂದು ಅದಕ್ಕೇ ಗೊತ್ತು. ಅದರೊಳಗಿಂದ ಬಂದ ನಿಜವೂ ಸಾಂತ್ವನದ ಹಾಗೇ ಕೇಳಿಸುತ್ತಿತ್ತು. ಇನ್ನು ಹತ್ತು ಸಲ ಹೇಳಿದರೂ ಅವನು ಹತ್ತು ಸಲವೂ ನೀವು ಒಳ್ಳೆಯವರು ಎನ್ನುತ್ತಾನೆ.

ಅವಳು ಫೋನ್ ತೆಗೆದು ಸಾಹೇಬರಿಗೆ ಹಚ್ಚಿದಳು. ಸ್ಪೀಕರ್ ಒತ್ತಿ ಮಂಚದ ಮೇಲಿಟ್ಟಳು. ಸಾಹೇಬರು ಖುಷಿಯಲ್ಲಿದ್ದರು, ಮುಗಿಯಿತಾ ಎಂದು ತಮ್ಮದೇ ಭಾಷೆಯಲ್ಲಿ ಕೇಳಿದರು. ಅವಳು ಅದೇ ಭಾಷೆಯಲ್ಲಿ, ಬ್ರೇಕ್ ಸವೆದಿತ್ತು ಎಂದು ಈ ಮನೆಯವರಿಗೆ ಹೇಳಿದ್ದೇನೆ ಎಂದಳು.

ಸಾಹೇಬರು ಕಿರುಚಲು ಶುರುಮಾಡಿದರು. ತಮ್ಮನಿಗೆ ಒಂದಕ್ಷರ ತಿಳಿಯದಿದ್ದರೂ ಅವನ ಬೆನ್ನು ನೆಟ್ಟಗಾಯಿತು. "ಏನಂತೆ?" ಎಂದ.

ಅವಳು ಹೇಳಿದಳು. ಈ ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿಗೆ ನುಣ್ಣಗೆ ಮಾಡದೆ, ಇದ್ದದ್ದನ್ನು ಇದ್ದ ಹಾಗೆ ತಿರುಗಿಸಿದಳು. "'ಬ್ರೇಕಿನ ಮಾತು ಕೋಣೆಯಿಂದ ಆಚೆ ಹೋಗಬಾರದು ಅಂತ ಹೇಳಿರಲಿಲ್ವಾ? ನಿನಗೆ ತಲೆ ಕೆಟ್ಟಿದೆಯಾ? ಆ ಜನ ಕೇಸು ಹಾಕಿದ್ರೆ ನಾವು ಸೋಲ್ತೀವಿ. ಈಗಲೇ ಎದ್ದು ಬಾ, ನಾಳೆಯಿಂದ ನಿನಗೆ ಇಲ್ಲಿ ಕೆಲಸ ಇಲ್ಲ.' ಹೀಗಂತಿದ್ದಾರೆ."

ಆ ಕಡೆಯಿಂದ ಫೋನು ಕಟ್ಟಾಯಿತು.

"ಹಾಗಾದ್ರೆ ನಾನು ಬ್ರೇಕ್ ಹಾಕಿದ್ದೆ" ಎಂದ ತಮ್ಮ.

"ಹಾಕಿದ್ರಿ."

ಅವನು ಮಂಚದ ಮೇಲೆ ಮುಖ ಕವುಚಿಕೊಂಡು ಗೊಳೋ ಎಂದು ಅತ್ತ. ಸಮಾಧಾನವನ್ನು ನಂಬದವನು ಬೈಗುಳವನ್ನು ನಂಬಿದ.

ಕೆಲಸ ಹೋಯಿತಲ್ಲ ಎಂದು ದುಭಾಷಿಗೆ ಅನ್ನಿಸಲಿಲ್ಲ. ಎದೆಯ ಮೇಲಿನ ಭಾರ ಇಳಿದಂತಾಗಿತ್ತು, ಸ್ವಲ್ಪ ಹೆಮ್ಮೆಯೂ ಆಗಿತ್ತು ಎಂದರೆ ಸುಳ್ಳಲ್ಲ. ಅದೇ ಹೆಮ್ಮೆಯಲ್ಲಿ ಅವಳು ಅಕ್ಕನ ಕಡೆ ತಿರುಗಿದಳು. ಅಕ್ಕ ಅಳುತ್ತಿರಲಿಲ್ಲ.

"ನಿಮಗೆ ಇದು ಯಾವಾಗ ಗೊತ್ತಾಯ್ತು?"

"ಅಪಘಾತ ಆದ ವಾರಾನೇ."

"ಅಂದ್ರೆ ನನಗೆ ಫೋನ್ ಮಾಡೋಕೆ ಮುಂಚೆ."

ದುಭಾಷಿ ಹೂಂ ಅಂದಳು.

"ಅವತ್ತು ನೀವು ಹೇಳಿದ್ರಿ, 'ತಮ್ಮನ ಮೇಲೆ ಕೋಪ ಇಟ್ಕೋಬೇಡಿ ಅಕ್ಕ, ಎಂಥವರ ಕೈಯೂ ಒಂದೊಂದ್ಸಲ ತಪ್ಪುತ್ತೆ' ಅಂತ. ಅಲ್ಲಿವರೆಗೆ ನನಗೆ ಅವನ ಮೇಲೆ ಕೋಪಾನೇ ಇರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ತಬ್ಕೊಂಡು ಅಳ್ತಿದ್ವಿ. ನಿಮ್ಮ ಫೋನ್ ಇಟ್ಟ ಮೇಲೆ ನಾನು ಅವನ ಹತ್ರ ಮಾತು ಬಿಟ್ಟಿದ್ದು."

ಆ ವಾಕ್ಯ ದುಭಾಷಿಗೆ ಚೆನ್ನಾಗಿ ನೆನಪಿತ್ತು. ಕಂಪನಿಯ ಮೇಲೆ ಏನೂ ಬಾರದಂತೆ, ಕೇಳಿದವರಿಗೆ ಕರುಳು ಚುರ್ ಎನ್ನುವಂತೆ, ಅರ್ಧ ದಿನ ಕೂತು ಹೊಂದಿಸಿದ ವಾಕ್ಯ ಅದು. ಸಾಹೇಬರು ಅದನ್ನು ತಮ್ಮ ಭಾಷೆಗೆ ತಿರುಗಿಸಿ ಹೇಳಿಸಿಕೊಂಡು ಭೇಷ್ ಎಂದಿದ್ದರು. ತಾನು ಕ್ಷಮಿಸಲು ಹೇಳುತ್ತಿಲ್ಲ, ಅಪರಾಧಿ ಯಾರೆಂದು ತೋರಿಸಿಕೊಡುತ್ತಿದ್ದೇನೆ ಎಂಬುದು ಅವಳಿಗೆ ಅಂದೂ ಗೊತ್ತಿತ್ತು.

"ಎಷ್ಟು ಚೆನ್ನಾಗಿ ಮಾತಾಡಿದ್ರಿ" ಎಂದಳು ಅಕ್ಕ. "ಒಡಹುಟ್ಟಿದವಳೇ ಹೇಳಿದ ಹಾಗಿತ್ತು. ಹೀಗೆ ಮಾತಾಡೋದು ಎಲ್ಲಿ ಕಲಿತ್ರಿ?"

ಅದರಲ್ಲಿ ಕೊಂಕು ಇರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು.

"ಓದಿ ಕಲಿತೆ" ಎಂದಳು ದುಭಾಷಿ.