ಮೂರನೆಯ ವೇಷ

"ಖೊಟ್ಟಿ ಅದ ಅಂತ ಬಾಗಿಲದಾಗ ನಿಂತವರಿಗೂ ಗೊತ್ತಾಗ್ತದ," ಅಂದರು ಆಯಿ.

ವಸುಧಾ ತಿರುಗಿ ನೋಡಿದಳು. ಕರವಸ್ತ್ರದಲ್ಲಿ ಸುತ್ತಿ, ಚೀಲದ ತಳಕ್ಕೆ ತುರುಕಿ, ಮೇಲೆ ಸೀರೆ ಹೇರಿ ಅಡಗಿಸಿಟ್ಟಿದ್ದ ಮಂಗಳಸೂತ್ರ ಅತ್ತೆಯ ಬೆರಳಲ್ಲಿ ತೂಗಾಡುತ್ತಿತ್ತು. ದಾದರ್ ಸ್ಟೇಷನ್ನಿನ ಹೊರಗೆ ಕೊಂಡದ್ದು. ಗಂಡ ತೀರಿಕೊಂಡು ಈಗಷ್ಟೇ ವರ್ಷ ತುಂಬಿದೆ. ಕುಂಕುಮ ಇಟ್ಟು ಕರಿಮಣಿ ಕಟ್ಟಿಕೊಂಡು ಫೋಟೋ ತೆಗೆಸಿಕೊಳ್ಳಲು ಹೊರಟಿದ್ದೇನೆಂದು ಅವನ ತಾಯಿಗೆ ಯಾವ ಬಾಯಲ್ಲಿ ಹೇಳುವುದು?

ಆದರೂ ಹೇಳಿದಳು. ಧಾರಾವಾಹಿಗಳಿಗೆ ನಟನಟಿಯರನ್ನು ಹುಡುಕಿಕೊಡುವ ಗೋರೆ ಮೂರು ವೇಷದ ಪಟ ಕೇಳಿದ್ದ: ಮುತ್ತೈದೆ ತಾಯಿ, ಶ್ರೀಮಂತರ ಮನೆಯ ಅತ್ತೆ, ವಿಧವೆ. ಪಟ ಒಪ್ಪಿಗೆಯಾದರೆ ಮಾತ್ರ ಮುಂದಿನ ಮಾತು. ಆಫೀಸಿನ ನಾಟಕಸ್ಪರ್ಧೆಗಳಲ್ಲಿ ಬಣ್ಣ ಹಚ್ಚಿ ಹಚ್ಚಿಯೇ ಕೂದಲು ನೆರೆಸಿಕೊಂಡ ವಸುಧಾಳಿಗೆ ಈ ಕೆಲಸ ಬೇಕಿತ್ತು. ಹಸಿದವರಿಗೆ ಅನ್ನ ಬೇಕಾದಂತೆ ಬೇಕಿತ್ತು, ಸುಳ್ಳೇಕೆ? ಮೊದಲ ಎರಡು ವೇಷಕ್ಕೆ ವಾರದಿಂದ ತಯಾರಿ ನಡೆಸಿದ್ದಳು. ಮೂರನೆಯದಕ್ಕೆ ಏನು ತಯಾರಿ? ಅದು ಮೈಮೇಲೇ ಇತ್ತು.

ಆಯಿ ಬಯ್ಯಲಿಲ್ಲ. ಅವರು ಬಯ್ಯದಿದ್ದರೆ ವಸುಧಾಳಿಗೆ ಇನ್ನೂ ಹೆದರಿಕೆ. ಮುದುಕಿ ಮೊಣಕಾಲು ಹಿಡಿದುಕೊಂಡು ಎದ್ದು, ಕಪಾಟಿನ ಕೀಲಿ ತಿರುಗಿಸಿ, ನಿಜವಾದ ಮಂಗಳಸೂತ್ರ ತಂದು ಸೊಸೆಯ ಮಡಿಲಿಗೆ ಹಾಕಿದರು.

"ಇದನ್ನ ಹಾಕ್ಕೋ. ನನ್ನ ಮಗ ಜೀವಮಾನ ಪೂರ್ತಿ ಪರದೆ ಹಿಂದ ನಿಂತು ನಿನಗ ಮಾತು ನೆನಪು ಮಾಡಿಕೊಟ್ಟಾನ. ನಾಟಕಕ್ಕ ಹಾಕ್ಕೊಂಡ್ರ ಅವನೇನ ಸಿಟ್ಟಾಗೂದಿಲ್ಲ." ಆಮೇಲೆ ದನಿ ತಗ್ಗಿಸಿ, "ಇಲ್ಲಿ ಬ್ಯಾಡ ಮತ್ತ, ಅಲ್ಲೇ ಹೋಗಿ ಹಾಕ್ಕೋ. ಚಾಳಿನ ಬಾಜೂ ಮನಿಯವರ ಬಾಯಿಗೆ ಕೀಲಿ ಹಾಕ್ಲಿಕ್ಕೆ ನನ್ನಿಂದ ಆಗೂದಿಲ್ಲ," ಅಂದರು.

ಅಂಧೇರಿಯ ಸ್ಟುಡಿಯೋ ಎಂದರೆ ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆ. ಫೋಟೋ ತೆಗೆಯುವ ತುಷಾರ ಅವಳನ್ನು ಚಿಕ್ಕಮ್ಮನೆಂಬಂತೆ ಕಾಕೂ ಎಂದು ಕರೆದು, ಕೂರಿಸಿ, ಚಹಾ ತರಿಸಿದ. ಕುಂಕುಮ ಇಟ್ಟುಕೊಂಡದ್ದು ವಾರೆಯಾಯಿತು; ತಿದ್ದಿಕೊಂಡಳು. ಮಂಗಳಸೂತ್ರ ಮೊದಲು ಎದೆಗೆ ತಣ್ಣಗೆ ತಾಗಿ, ಸ್ವಲ್ಪ ಹೊತ್ತಿಗೆ ಬೆಚ್ಚಗಾಯಿತು. ಆಮೇಲೆ ನೋಡಿ, ನಾಟಕದವಳಲ್ಲವೇ, ದೀಪದ ಬೆಳಕು ಬಿದ್ದದ್ದೇ ತಡ ಮುಖ ಅರಳಿತು. ಇಲ್ಲದ ಮಗನನ್ನು ಊಟಕ್ಕೆ ಕರೆದಳು, ಇಲ್ಲದ ಗಂಡನನ್ನು ಕಣ್ಣಲ್ಲೇ ಗದರಿದಳು. ರೇಷ್ಮೆ ಸೀರೆಯುಟ್ಟು ಶ್ರೀಮಂತರ ಮನೆಯ ಅತ್ತೆಯಾಗಿ ಹುಬ್ಬೇರಿಸಿದಾಗ ತುಷಾರ ಹೆದರಿದವನಂತೆ ಹಿಂದೆ ಸರಿದು ನಕ್ಕ.

"ಈಗ ಎಲ್ಲಾ ತಗದುಬಿಡ್ರಿ ಕಾಕೂ," ಎಂದು ಒದ್ದೆ ಬಟ್ಟೆಯ ತುಂಡು ಕೊಟ್ಟು, ಅವನು ದೀಪ ಸರಿಸಲು ಹೋದ.

ವಸುಧಾ ರೇಷ್ಮೆ ಸೀರೆ ಬದಲಿಸಿ, ಕನ್ನಡಿಯ ಮುಂದೆ ಕುಳಿತಳು. ಗಂಡ ಹೋದ ಹತ್ತನೆಯ ದಿನ ಇದನ್ನೆಲ್ಲ ನಾದಿನಿ ಮಾಡಿದ್ದಳು. ಇವಳು ಕಣ್ಣು ಮುಚ್ಚಿಕೊಂಡಿದ್ದಳು. ಹಣೆಯ ಮೇಲೆ ಬೇರೆಯವರ ಬೆರಳು, ಕತ್ತಿನ ಹಿಂದೆ ಬೇರೆಯವರ ಉಸಿರು, ಅಷ್ಟೆ. ಇವತ್ತು ಕಣ್ಣು ತೆರೆದುಕೊಂಡು ತಾನೇ ಮಾಡಬೇಕು. ಇದಕ್ಕೆ ತಯಾರಿ ಬೇಡವೆಂದುಕೊಂಡಿದ್ದಳಲ್ಲ, ಎಂಥ ಹುಚ್ಚಿ! ಕೈ ಏಳಲೊಲ್ಲದು. ಎದ್ದು ಮನೆಗೆ ಹೋಗಿಬಿಡೋಣವೆನ್ನಿಸಿತು. ಆದರೆ ನಿಮ್ಮ ವಯಸ್ಸಿಗೆ ಸಿಗುವುದೇ ವಿಧವೆಯ ಪಾತ್ರ, ಆ ಪಟ ಚೆನ್ನಾಗಿ ಬರಲಿ ಎಂದು ಗೋರೆ ಒತ್ತಿ ಹೇಳಿದ್ದ. ಕೊನೆಗೆ ಕತ್ತಿನ ಹಿಂದಿನ ಕೊಂಡಿ ಬಿಚ್ಚಿದಳು. ಹಣೆ ಒರೆಸಿಕೊಂಡಳು. ಕುಂಕುಮ ಒಂದೇ ಸಲಕ್ಕೆ ಹೋಗಲಿಲ್ಲ, ತಿಕ್ಕಬೇಕಾಯಿತು.

ತುಷಾರ ಪಟ ತೆಗೆದು, ಕ್ಯಾಮೆರಾದ ಹಿಂಬದಿಯಲ್ಲಿ ನೋಡಿ ತಲೆ ಕೆರೆದುಕೊಂಡ. ವಿಧವೆ ಅನ್ನಿಸುತ್ತಿಲ್ಲ, ಸುಮ್ಮನೆ ಕೂತಂತಿದೆ, ಸ್ವಲ್ಪ ಅಳುಮುಖ ಮಾಡಿ ಅಂದ. ವಸುಧಾ ಮಾಡಿದಳು. ಸ್ಪರ್ಧೆಯಲ್ಲಿ ಬಹುಮಾನ ತಂದ ಅಳು ಅದು. ತುಟಿ ಅದುರಿತು, ಕಣ್ಣು ಮೇಲಕ್ಕೆ ಹೋಯಿತು. ತುಷಾರನಿಗೆ ಖುಷಿಯೋ ಖುಷಿ. ಎರಡೂ ಪಟ ತೋರಿಸಿ, ಅಳುವುದನ್ನು ಕಳಿಸುತ್ತೇನೆ, ಕೆಲಸ ಸಿಕ್ಕಿತೆಂದೇ ತಿಳಿಯಿರಿ ಅಂದ.

ವಸುಧಾ ಮೊದಲನೆಯದನ್ನೇ ನೋಡುತ್ತಿದ್ದಳು. ತಿಕ್ಕಿದ ಹಣೆ ಕೆಂಪಾಗಿತ್ತು. ಮನೆಯಲ್ಲಿ ಗ್ಯಾಸ್ ಆರಿಸಿ ಬಂದೆನೋ ಇಲ್ಲವೋ ಎಂದು ಯೋಚಿಸುತ್ತಿರುವವಳ ಮುಖ.

"ಇದನ್ನ ಕಳಿಸು," ಅಂದಳು.

"ಇದಕ್ಕ ಕೆಲಸ ಸಿಗೂದಿಲ್ಲ ಕಾಕೂ. ಇದರಾಗ ದುಃಖ ಎಲ್ಲಿ ಅದ?"

"ಸಿಗದಿದ್ರ ಬಿಡು." ಆ ಮಾತು ಆಡುವುದು ಅವಳಿಗೆ ಸುಲಭವಿರಲಿಲ್ಲ. "ನಮ್ಮವರು ಹೋಗಿ ವರ್ಷ ಆತು, ತುಷಾರ. ನಾವು ಹಿಂಗೇ ಇರ್ತೀವಿ."

ತುಷಾರ ಚಹಾದ ಖಾಲಿ ಲೋಟ ಎತ್ತಿ ಬದಿಗಿಟ್ಟ. ಆಮೇಲೆ, ಇನ್ನೊಂದು ತೆಗೆಯಲೇ ಎಂದು ಮೆಲ್ಲಗೆ ಕೇಳಿದ. ವಸುಧಾ ಹೋಗಿ ಸ್ಟೂಲಿನ ಮೇಲೆ ಕುಳಿತಳು. ಅವನು ಕ್ಯಾಮೆರಾ ಕಣ್ಣಿಗೆ ಹಿಡಿದ. ಮುಖ ಹೇಗೆ ಮಾಡಬೇಕೆಂದು ಈ ಸಲ ಹೇಳಲಿಲ್ಲ.