ಏಳನೆಯ ಗುಳಿ

ಹದಿಮೂರನೆಯ ದಿನದ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿದು, ಬಂದವರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಆರೂ ಹತ್ತಕ್ಕೆ ಹರಿಣಾಕ್ಷ ಮಾಸ್ಟ್ರ ಮೊಬೈಲು ಎಂದಿನಂತೆ ಬಡಿದುಕೊಂಡಿತು. ಯಾರೂ ನಿಲ್ಲಿಸಲಿಲ್ಲ. ತಾನಾಗಿ ನಿಂತಿತು. ಹತ್ತು ನಿಮಿಷ ಬಿಟ್ಟು ಮತ್ತೆ ಬಡಿದುಕೊಂಡಿತು. ಮಾಸ್ಟ್ರು ಮೂರನೆಯ ಸಲಕ್ಕೇ ಏಳುವವರು. ಅವರ ಹೆಂಡತಿ ಅಶ್ವಿತಾ ಅಡುಗೆಮನೆಯಲ್ಲಿ ನಿಂತು ಮೂರನೆಯ ಸಲಕ್ಕೆ ಕಾದಳು. ಅದೂ ಆಯಿತು. ಆಮೇಲೆ ಉಕ್ಕಿಹೋಗಿದ್ದ ಹಾಲನ್ನು ಒಲೆಯಿಂದ ಇಳಿಸಿದಳು.

ನಾನು ಮೇಜಿನ ಕೆಳಗಿದ್ದೆ, ಬಟ್ಟೆಯ ಚೀಲದೊಳಗೆ. ಚೀಲದ ಬಾಯಿ ತೆರೆದಿತ್ತು. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಅವಳ ಪಾದಗಳು ಮಾತ್ರ. ಸ್ವಲ್ಪ ಹೊತ್ತಿಗೆ ಇನ್ನೆರಡು ಪಾದಗಳು ಬಂದವು. ಅವಳ ಅತ್ತೆ.

"ಅದು ಇನ್ನೂ ಇಲ್ಲೇ ಉಂಟಾ?"

ಅಶ್ವಿತಾಳ ಪಾದಗಳು ಒಲೆಯ ಕಡೆ ತಿರುಗಿದವು.

"ಬೊಜ್ಜ ಮುಗಿಯಲಿ ಅಂತ ಹೇಳಿದ್ದಿ. ಮುಗೀತಲ್ಲ. ಬಚ್ಚಲಿನ ಒಲೆಗೆ ಹಾಕು. ನನ್ನ ಮಗನನ್ನು ತಿಂದದ್ದು ಅದೇ."

ಅದು ಎಂದರೆ ನಾನು. ನಾನು ಒಂದು ಚೆನ್ನೆಮಣೆ. ನನ್ನನ್ನು ಸುಡಬೇಕೋ, ಎರವಲು ಕೊಟ್ಟವರಿಗೆ ಹಿಂದಿರುಗಿಸಬೇಕೋ ಎನ್ನುವುದೊಂದೇ ಮಾತು ಆ ಮನೆಯಲ್ಲಿ ಉಳಿದಿತ್ತು. ನಾನೇ ಕೊಂದೆನೇ ಎಂಬುದು ನನಗೂ ಗೊತ್ತಿರಲಿಲ್ಲ. ಆದ್ದರಿಂದ ಗೊತ್ತಿರುವುದನ್ನಷ್ಟೇ ಹೇಳುತ್ತೇನೆ.

ನಾನು ಹಲಸಿನ ಮರದವಳು. ಬೀಡಿ ಕಟ್ಟುವ ಕಲ್ಯಾಣಕ್ಕನ ತಾಯಿಯ ಮದುವೆಗೆಂದು ವಾಸು ಆಚಾರಿ ನನ್ನನ್ನು ಕೆತ್ತಿದ. ಎರಡು ಸಾಲು, ಸಾಲಿಗೆ ಏಳು ಗುಳಿ. ಎರಡು ತುದಿಗಳಲ್ಲಿ ಗೆದ್ದ ಬೀಜ ಹಾಕಲು ಒಂದೊಂದು ದೊಡ್ಡ ಗುಳಿ. ಆಳ ಅಳೆಯಲು ಅವನ ಬಳಿ ಇದ್ದದ್ದು ತನ್ನ ಹೆಬ್ಬೆರಳು. ಆಟಕ್ಕೆ ಗುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಬೀಜ. ಕೆಂಪು, ನುಣುಪು, ಮಳೆಯಲ್ಲಿ ತೊಳೆದಿಟ್ಟ ಹಾಗೆ.

ನಮ್ಮ ಊರಿನಲ್ಲಿ ಚೆನ್ನೆಮಣೆಗೆ ವರ್ಷಕ್ಕೆ ಒಂದೇ ತಿಂಗಳು. ಆಟಿ. ಗದ್ದೆಯಲ್ಲಿ ಕೆಲಸವಿಲ್ಲದ, ಜಡಿಮಳೆಗೆ ಹೊರಗೆ ಕಾಲಿಡಲಾಗದ ಆ ತಿಂಗಳು ನಮ್ಮನ್ನು ಅಟ್ಟದಿಂದ ಇಳಿಸಿ, ಒರೆಸಿ, ಜಗಲಿಯಲ್ಲಿ ಇಡುತ್ತಾರೆ. ಒಡಹುಟ್ಟಿದವರು ಎದುರುಬದುರು ಕೂತು ಆಡುವಂತಿಲ್ಲ. ಆಟಿ ಮುಗಿದ ದಿನ ಬೀಜ ಎಣಿಸಿ ಡಬ್ಬಿಗೆ ಹಾಕಿ ನಮ್ಮನ್ನು ಮತ್ತೆ ಅಟ್ಟಕ್ಕೆ ಏರಿಸುತ್ತಾರೆ. ನಡುವೆ ಇಳಿಸುವ ಕ್ರಮವಿಲ್ಲ. ಇಳಿಸಿದರೆ ಏನಾಗುತ್ತದೆಂದು ಯಾರೂ ಬಿಡಿಸಿ ಹೇಳುವುದಿಲ್ಲ. "ಒಳ್ಳೆಯದಲ್ಲ" ಎನ್ನುತ್ತಾರೆ, ಮತ್ತು ಮಾತು ಬದಲಿಸುತ್ತಾರೆ.

ತಾಯಿಯ ಕೈಯಿಂದ ನಾನು ಕಲ್ಯಾಣಕ್ಕನ ಕೈಗೆ ಬಂದೆ. ಅವಳು ತನ್ನ ನಾದಿನಿಯ ಜೊತೆ ಆಡುತ್ತಿದ್ದಳು. ಸೋತರೆ ಎರಡು ದಿನ ಮುನಿಸು. ನಾದಿನಿ ತೀರಿಕೊಂಡ ಮೇಲೆ ಎರಡೂ ಕಡೆ ತಾನೇ ಆಡಿದಳು, ಆ ಕಡೆಯ ಆಟವನ್ನು ನಾದಿನಿ ಆಡುತ್ತಿದ್ದ ಹಾಗೆಯೇ, ಕೊಂಚ ಮೋಸ ಸೇರಿಸಿ. ನನಗೆ ಅದು ವಿಚಿತ್ರವೆನಿಸಲಿಲ್ಲ. ಇಲ್ಲದವರಿಗಾಗಿ ಬೀಜ ಹಾಕುವುದನ್ನು ನಾನು ಮೊದಲು ನೋಡಿದ್ದು ಅಲ್ಲಿ.

ಈ ವರ್ಷ ಆಟಿ ಕಳೆದು ತಿಂಗಳು ದಾಟಿತ್ತು. ಪಕ್ಕದ ಊರಿನ ಶಾಲೆಯ ಹರಿಣಾಕ್ಷ ಮಾಸ್ಟ್ರು ಕಲ್ಯಾಣಕ್ಕನ ಅಂಗಳಕ್ಕೆ ಬಂದರು.

"ಅಕ್ಕ, ನಿಮ್ಮ ಚೆನ್ನೆಮಣೆ ಸ್ವಲ್ಪ ದಿವಸಕ್ಕೆ ಬೇಕಿತ್ತು."

ಕಲ್ಯಾಣಕ್ಕ ಬೀಡಿಯ ಎಲೆ ಕತ್ತರಿಸುವುದನ್ನು ನಿಲ್ಲಿಸಿದಳು. "ಎಂತಕ್ಕೆ ಮಾಸ್ಟ್ರೆ? ಆಟಿ ಹೋಗಿ ಎಷ್ಟಾಯ್ತು! ಈಗ ಅದನ್ನು ಇಳಿಸ್ಲಿಕ್ಕೆ ಇಲ್ಲ."

"ಆಡ್ಲಿಕ್ಕಲ್ಲ. ಮೂರನೇ ಕ್ಲಾಸಿನವರಿಗೆ ಭಾಗಾಕಾರ. ಬೋರ್ಡಿನಲ್ಲಿ ಇಪ್ಪತ್ತನಾಲ್ಕು ಭಾಗಿಸು ಆರು ಅಂತ ಬರೆದ್ರೆ ನನ್ನ ಮುಖ ನೋಡ್ತಾರೆ. ಕೈಯಾರೆ ಹಂಚಿದ್ರೆ ಮಾತ್ರ ತಲೆಗೆ ಹೋಗುದು."

"ಹುಣಸೆ ಬೀಜ ಹಂಚಲಿ."

"ಹಂಚಿದ್ರು ಅಕ್ಕ. ಹುರಿದು ತಿಂದೂ ಆಯ್ತು. ಎರಡು ಸಲ."

ಕಲ್ಯಾಣಕ್ಕ ನಕ್ಕುಬಿಟ್ಟಳು. ಆ ನಗುವಿನಲ್ಲಿಯೇ ನಾನು ಅಟ್ಟದಿಂದ ಇಳಿದೆ.

ಮಾಸ್ಟ್ರ ಮನೆಯಲ್ಲಿ ನನ್ನನ್ನು ನೋಡಿ ಅಶ್ವಿತಾ ಸೊಂಟಕ್ಕೆ ಕೈಕೊಟ್ಟು ನಿಂತಳು. ಅವಳು ವಿಶ್ವವಿದ್ಯಾಲಯದಲ್ಲಿ ಗಣಿತ ಓದಿದವಳು.

"ಭಾಗಾಕಾರಕ್ಕೆ ಇಷ್ಟು ದೊಡ್ಡ ಮರ ಬೇಕಾ ಮಾರಾಯ್ರೆ? ನಾಳೆ ಗುಣಾಕಾರಕ್ಕೆ ಬಾಗಿಲು ಕಳಚಿಕೊಂಡು ಹೋಗ್ತೀರಾ?"

"ನಿನ್ನ ಎಂಎಸ್ಸಿಯಲ್ಲಿ ಯಾರೂ ಲೆಕ್ಕದ ಸಾಮಾನು ಹುರಿದು ತಿನ್ನುದಿಲ್ಲ. ನನ್ನ ಕಷ್ಟ ನಿನಗೆ ಗೊತ್ತಾಗುದಿಲ್ಲ."

ಶಾಲೆಯಲ್ಲಿ ಮೂರನೆಯ ತರಗತಿಗೆ ಆರು ಮಕ್ಕಳು. ಮಾಸ್ಟ್ರು ಅವರ ಜೊತೆ ನೆಲದ ಮೇಲೆ ಕೂರುತ್ತಿದ್ದರು. ಮದುವೆಮನೆಯಲ್ಲಿ ಬಡಿಸುವ ಹಾಗೆ ಹಂಚಬೇಕು ಎನ್ನುತ್ತಿದ್ದರು. ಮೊದಲು ಎಲ್ಲ ಎಲೆಗೂ ಒಂದೊಂದು. ಒಂದು ಸುತ್ತು ಮುಗಿಯದೆ ಯಾರಿಗೂ ಎರಡನೆಯದಿಲ್ಲ, ಅವರು ನೆಂಟರಾದರೂ ಇಲ್ಲ. ಇನ್ನೊಂದು ಸುತ್ತಿಗೆ ಸಾಲದಷ್ಟು ಉಳಿದರೆ ಅದು ಶೇಷ. ಅದನ್ನು ತುದಿಯ ದೊಡ್ಡ ಗುಳಿಗೆ ಹಾಕಿ, ಯಾರೂ ಮುಟ್ಟಬೇಡಿ.

ಮಕ್ಕಳು ತಮ್ಮ ಆರು ಗುಳಿಗೆ ಹಂಚಲು ಹೊರಟಾಗ ಅವರು ಕೋಪ ನಟಿಸುತ್ತಿದ್ದರು. "ನನಗಿಲ್ವಾ? ನಾನೆಂತ, ಶಾಲೆಯ ಕಂಬವಾ?" ಮಕ್ಕಳು ನಕ್ಕು ಏಳನೆಯ ಗುಳಿಯನ್ನು ಅವರಿಗೆ ಕೊಟ್ಟರು. ಅಲ್ಲಿಂದ ಮುಂದೆ ಅವರ ಭಾಗಾಕಾರವೆಲ್ಲ ಏಳರಿಂದಲೇ. ಪುಸ್ತಕದಲ್ಲಿ ಆರು ಜನ ಎಂದಿದ್ದರೂ ಏಳು. ಹೆಡ್ ಟೀಚರ್ ಐರಿನ್ ಬಾಯಿಯವರು ಬಾಗಿಲಲ್ಲಿ ನಿಂತು ನೋಡಿ, "ಇದು ತಪ್ಪಲ್ವಾ ಮಾಸ್ಟ್ರೆ?" ಎಂದರು. "ತಪ್ಪು. ಬರುವ ವಾರ ಸರಿಮಾಡ್ತೇನೆ" ಎಂದರು ಮಾಸ್ಟ್ರು.

ಆ ಬರುವ ವಾರ, ಮಂಗಳವಾರ ಬೆಳಿಗ್ಗೆ, ಅವರು ಬಸ್ ಸ್ಟಾಪಿನಲ್ಲಿ ಕುಸಿದರು. ನಾನು ಅವರ ಕಂಕುಳಲ್ಲಿದ್ದೆ. ಅವರ ಎದೆ ನನಗೆ ಒತ್ತಿಕೊಂಡಿತ್ತು. ಅದು ಹೊಡೆದುಕೊಳ್ಳುತ್ತಿತ್ತು, ತಡವರಿಸಿತು, ನಿಂತಿತು. ಆಮೇಲೆ ರಸ್ತೆ. ಡಬ್ಬಿ ತೆರೆದು ಬೀಜಗಳು ಡಾಮರಿನ ಮೇಲೆ ಉರುಳಿದವು. ರಿಕ್ಷಾದವರು ಅವರನ್ನು ಎತ್ತಿದರು. ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೊರಟ ಹೆಂಗಸರು ಬೀಜ ಹೆಕ್ಕಿದರು. ಮಾಸ್ಟ್ರಿಗೆ ಮೂವತ್ತೈದು ವರ್ಷ.

ಅವರ ಎದೆ ನಿಂತದ್ದು ನನ್ನ ಭಾರಕ್ಕೋ, ನನ್ನ ಅಕಾಲಕ್ಕೋ, ಅಥವಾ ಅದು ಹೇಗೂ ನಿಲ್ಲುವುದಿತ್ತೋ. ಮರಕ್ಕೆ ಇದನ್ನು ತಿಳಿಯುವ ದಾರಿ ಇಲ್ಲ. ಆದರೆ ಆ ಬಡಿತ ನನ್ನ ಹಲಗೆಯೊಳಗೆ ಉಳಿದುಬಿಟ್ಟಿತು. ಸುತ್ತ ಸದ್ದಿಲ್ಲದಾಗ ನನಗೆ ಅದು ಕೇಳಿಸುತ್ತದೆ. ತಡವರಿಸುವಲ್ಲಿಯವರೆಗೆ ಬಂದು ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಊರು ಬೇಗ ತೀರ್ಮಾನಿಸಿತು. ಆಟಿ ಕಳೆದ ಮೇಲೆ ಇಳಿಸಿದ್ದಂತೆ. ಕೈಯಲ್ಲೇ ಇತ್ತಂತೆ. ಕಲ್ಯಾಣಕ್ಕ ಸಾವಿಗೂ ಬರಲಿಲ್ಲ, ಬೊಜ್ಜಕ್ಕೂ ಬರಲಿಲ್ಲ.

ಬೊಜ್ಜದ ಮರುದಿನ ಸಂಜೆ ಅತ್ತೆಯೇ ನನ್ನನ್ನು ಬಚ್ಚಲಿಗೆ ಒಯ್ದು ಒಲೆಯ ಬಾಯಿಗೆ ಆನಿಸಿದರು. ತೆಂಗಿನ ಗರಿ ಉರಿಯುತ್ತಿತ್ತು. ನನ್ನ ಒಂದು ಮೂಲೆ ಕಪ್ಪಾಯಿತು. ನೀರು ತೋಡಿಕೊಳ್ಳಲು ಬಂದ ಅಶ್ವಿತಾ ನೋಡಿದಳು. ನನ್ನನ್ನು ಎಳೆದು, ಸೆರಗಿನಲ್ಲಿ ಮಸಿ ಒರೆಸಿ, ಒಳಗೆ ತಂದಿಟ್ಟಳು.

"ನಿನಗೆ ಹೆದರಿಕೆ ಇಲ್ವಾ?" ಅತ್ತೆ ಹಿಂದಿನಿಂದ ಕೇಳಿದರು.

"ಇನ್ನು ಎಂತದ್ದಕ್ಕೆ ಅತ್ತೆ?"

ಎರಡು ದಿನ ಬಿಟ್ಟು ಐರಿನ್ ಟೀಚರ್ ಮನೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತರು.

"ಕೇಳ್ಬಾರದು. ಆದ್ರೂ ಕೇಳ್ತೇನೆ. ಹೊಸ ಮಾಸ್ಟ್ರು ಬರುವಾಗ ಇನ್ನೂ ಒಂದು ತಿಂಗಳಾಗ್ತದೆ. ನಾನು ಮೂರನೇ ಕ್ಲಾಸಿನವರ ಹತ್ತಿರ ಕೂತೆ. ನನ್ನ ಮಾತು ಕೇಳುದಿಲ್ಲ ಅವರು. ಎಂತ ಕೊಟ್ರೂ ಏಳರಿಂದಲೇ ಭಾಗ ಮಾಡ್ತಾರೆ. ನೀವು ಲೆಕ್ಕ ಓದಿದವರು. ಒಂದು ನಾಲ್ಕು ದಿನ ಬನ್ನಿ."

ಅಶ್ವಿತಾ ಕಿಟಕಿಯ ಕಡೆ ನೋಡಿದಳು. "ಏಳು ಯಾಕೆ?" ಎಂದಳು.

"ನೀವೇ ಬಂದು ನೋಡಿ" ಎಂದರು ಐರಿನ್ ಟೀಚರ್.

ಮರುದಿನ ಅವಳು ನನ್ನನ್ನು ಅದೇ ಚೀಲದಲ್ಲಿ ಹಾಕಿಕೊಂಡು ಅದೇ ಸ್ಟಾಪಿನಲ್ಲಿ ನಿಂತಳು. ಪಕ್ಕದಲ್ಲಿದ್ದ ಹೆಂಗಸರು ಒಂದು ಹೆಜ್ಜೆ ಆಚೆ ಸರಿದರು. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಶಾಲೆಯವರೆಗೂ ಖಾಲಿ.

ಮಕ್ಕಳು ನನ್ನನ್ನು ಕಂಡು ಓಡಿ ಬಂದರು. ಹೆದರದವರೆಂದರೆ ಅವರು ಮಾತ್ರ. ಅಶ್ವಿತಾ ಕುರ್ಚಿಯಲ್ಲಿ ಕೂತು ಡಬ್ಬಿಯಿಂದ ಇಪ್ಪತ್ತನಾಲ್ಕು ಬೀಜ ಎಣಿಸಿ ಕೊಟ್ಟಳು.

"ನಿಮ್ಮೊಳಗೆ ಸಮನಾಗಿ ಹಂಚಿ."

ಅವರು ಹಂಚಿದರು. ಒಂದು ಸುತ್ತು, ಎರಡು, ಮೂರು. ಏಳು ಗುಳಿಗಳಲ್ಲಿ ಮೂರು ಮೂರು. ಉಳಿದ ಮೂರನ್ನು ತುದಿಯ ದೊಡ್ಡ ಗುಳಿಗೆ ಹಾಕಿ ಕೈಕಟ್ಟಿ ಕೂತರು.

"ಎಷ್ಟು ಜನ ಇದ್ದೀರಿ?"

"ಆರು."

"ಮತ್ತೆ ಏಳು ಗುಳಿ?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ದೊಡ್ಡವರಿಗೆ ಇಷ್ಟೂ ಗೊತ್ತಿಲ್ಲವಲ್ಲ ಎನ್ನುವ ಹಾಗೆ. ಅಫೀಫಾ ಎಂಬ ಹುಡುಗಿ ಹೇಳಿದಳು: "ಇದು ಮಾಸ್ಟ್ರದ್ದು ಟೀಚರ್. ಅವರೇನು ಕಂಬವಾ?"

ಅಶ್ವಿತಾ ಎದ್ದು ಹೊರಗೆ ನಲ್ಲಿಯ ಬಳಿ ಹೋದಳು. ನಲ್ಲಿ ಬಹಳ ಹೊತ್ತು ಹರಿಯಿತು. ನಾನು ಆ ಏಳನೆಯ ಗುಳಿಯ ಬಗ್ಗೆ ಒಂದು ಮಾತು ಹೇಳಬೇಕು. ಬೆರಳುಗಳ ಬಿಸಿ ನನಗೆ ಗೊತ್ತು. ಮಕ್ಕಳ ಬಿಸಿ ಬೇರೆ, ದೊಡ್ಡವರದು ಬೇರೆ. ಆರು ಗುಳಿಗಳು ಮಕ್ಕಳ ಕೈಯಷ್ಟೇ ಬೆಚ್ಚಗಿದ್ದವು. ಏಳನೆಯದು ಹಾಗಿರಲಿಲ್ಲ. ಅದರ ಅಂಚಿನಲ್ಲಿ ಒಂದು ದೊಡ್ಡ ಹೆಬ್ಬೆರಳು ಇಟ್ಟ ಹಾಗಿತ್ತು. ಯಾರೂ ಇಟ್ಟಿರಲಿಲ್ಲ.

ಆ ದಿನ ಅವಳು ಏನನ್ನೂ ತಿದ್ದಲಿಲ್ಲ. ಮರುದಿನವೂ ತಿದ್ದಲಿಲ್ಲ. ಹದಿನೆಂಟು ಕೊಟ್ಟಳು, ಮೂವತ್ತು ಕೊಟ್ಟಳು. ಮಕ್ಕಳು ಏಳರಿಂದ ಭಾಗಿಸಿದರು. ಅವಳು ನೋಡುತ್ತ ಕೂತಳು. ಹಾಗೆಯೇ ಇರಲಿ ಎಂದು ಅವಳಿಗೆ ಅನ್ನಿಸುತ್ತಿತ್ತು ಎಂದು ನನ್ನ ಊಹೆ. ಆ ಒಂದು ಕೋಣೆಯಲ್ಲಿ ಮಾಸ್ಟ್ರಿಗೆ ಇನ್ನೂ ಪಾಲು ಬರುತ್ತಿತ್ತು.

ನಾಲ್ಕನೆಯ ದಿನ ಅವಳು ಕುರ್ಚಿ ಬಿಟ್ಟು ನೆಲದ ಮೇಲೆ ಕೂತಳು. ಮತ್ತೆ ಇಪ್ಪತ್ತನಾಲ್ಕು. ಮತ್ತೆ ಮೂರು ಮೂರು, ಮೂರು ಶೇಷ. ಮಾನ್ವಿ ಎಂಬ ಚಿಕ್ಕ ಹುಡುಗಿ ಏಳನೆಯ ಗುಳಿಯ ಮೇಲೆ ಅಂಗೈ ಮುಚ್ಚಿ ಕೇಳಿದಳು.

"ಟೀಚರ್, ಮಾಸ್ಟ್ರು ಯಾವಾಗ ಬರುದು? ಅವರದ್ದು ಹೀಗೇ ಇಟ್ಟುಕೊಳ್ಳುದಾ?"

ಇಪ್ಪತ್ತು ದಿನಗಳಲ್ಲಿ ಆ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಬೇರೆಯವರೇ ಅವಳಿಗೆ ಹೇಳುತ್ತಿದ್ದರು.

"ಬರುದಿಲ್ಲ" ಎಂದಳು.

"ನಾಳೆಯೂ?"

"ಯಾವತ್ತೂ."

ಮಕ್ಕಳು ಮಾನ್ವಿಯ ಅಂಗೈ ನೋಡಿದರು. ಆಮೇಲೆ ಅಫೀಫಾ ವ್ಯವಹಾರದ ದನಿಯಲ್ಲಿ ಕೇಳಿದಳು: "ಹಾಗಾದ್ರೆ ಅವರ ಪಾಲು ಯಾರಿಗೆ?"

"ನಮಗೇ. ತೆಗೀರಿ, ಶೇಷಕ್ಕೆ ಸೇರಿಸಿ."

ಯಾರೂ ಕೈ ಚಾಚಲಿಲ್ಲ. "ನೀವೇ ತೆಗೀರಿ ಟೀಚರ್" ಎಂದಳು ಮಾನ್ವಿ, ಅಂಗೈ ಎತ್ತಿ.

ಅಶ್ವಿತಾಳ ಬೆರಳುಗಳು ಏಳನೆಯ ಗುಳಿಗೆ ಇಳಿದವು. ತಣ್ಣಗಿದ್ದವು. ಅಲ್ಲಿ ಸ್ವಲ್ಪ ಹೊತ್ತು ಇದ್ದವು. ಒಂದು ಬೀಜ ತೆಗೆದಳು. ಎರಡನೆಯದು. ಮೂರನೆಯದು ಜಾರಿ ಮತ್ತೆ ಒಳಗೇ ಬಿತ್ತು. ಅದನ್ನು ತೆಗೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಮಾಸ್ಟ್ರ ಮೂರು, ಶೇಷದ ಮೂರು. ಅಂಗೈಯಲ್ಲಿ ಆರು ಬೀಜ. ಅವಳು ಸುತ್ತ ಒಂದೊಂದಾಗಿ ಹಾಕುತ್ತ ಬಂದಳು. ಆರನೆಯ ಗುಳಿಗೆ ಬಂದಾಗ ಕೈ ಖಾಲಿಯಾಯಿತು.

"ನಾಲ್ಕು!" ಮಾನ್ವಿ ಕಿರುಚಿದಳು. "ಎಲ್ಲರಿಗೂ ನಾಲ್ಕು ಟೀಚರ್! ಏನೂ ಉಳೀಲಿಲ್ಲ!"

ಏಳನೆಯ ಗುಳಿ ತಣ್ಣಗಾಗುತ್ತಿರುವುದು ನನಗೆ ತಿಳಿಯಿತು. ಅಫೀಫಾ ಮಾತ್ರ ಅಳುತ್ತಿದ್ದಳು. ಅಶ್ವಿತಾ ಅವಳನ್ನು ಸಮಾಧಾನ ಮಾಡಲಿಲ್ಲ, ಮಗ್ಗುಲಿಗೆ ಎಳೆದುಕೊಂಡಳಷ್ಟೇ. ಆಮೇಲೆ ಇಡೀ ವಾರ ಅವರು ಆರರಿಂದ ಭಾಗಿಸಿದರು, ನಾಲ್ಕರಿಂದ, ಐದರಿಂದ. ಕೊನೆಗೆ ನಾನು ಬೇಡವಾದೆ. ಪಾಟಿಯಲ್ಲಿ ಗೆರೆ ಎಳೆದು ಮಾಡತೊಡಗಿದರು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವಳು ಮನೆಯ ಕಡೆ ತಿರುಗಲಿಲ್ಲ. ಕಲ್ಯಾಣಕ್ಕನ ಅಂಗಳದಲ್ಲಿ ನಿಂತಳು. ಕಲ್ಯಾಣಕ್ಕ ಚೀಲ ನೋಡಿದಳು, ಬೀಡಿಯ ಮೊರವನ್ನು ಮಡಿಲಿನಿಂದ ಇಳಿಸಿದಳು, ಎದ್ದು ನಿಲ್ಲಲು ಕಂಬ ಹಿಡಿದಳು.

"ಯಾಕೆ ತಂದಿ ಮಗಾ? ಅದನ್ನು ಸುಟ್ಟುಬಿಡು. ಕೊಟ್ಟದ್ದೇ ನನ್ನ ತಪ್ಪು. ನಿನ್ನ ಮುಖ ನೋಡ್ಲಿಕ್ಕೂ ನನಗೆ ಆಗ್ಲಿಲ್ಲ."

"ತಪ್ಪು ಹೌದೋ ಅಲ್ವೋ ನನಗೆ ಗೊತ್ತಿಲ್ಲ ಅಕ್ಕ. ಸುಟ್ರೆ ಗೊತ್ತಾಗುದೂ ಇಲ್ಲ."

"ಊರಿನವರು ಹೇಳುದು ಕೇಳಿಲ್ವಾ ನೀನು?"

"ಕೇಳಿದ್ದೇನೆ. ಅತ್ತೆಯೂ ಹೇಳ್ತಾರೆ." ಅವಳು ನನ್ನನ್ನು ಚೀಲದಿಂದ ತೆಗೆದಳು. "ಆದ್ರೆ ನಮ್ಮವರು ಇದನ್ನು ಕೇಳಿ ತಂದದ್ದು. ಸುಟ್ರೆ, ಕೇಳಿ ತಂದದ್ದನ್ನು ಕೊಡದೆ ಹೋದವರು ಅಂತ ಆಗ್ತಾರೆ. ಹಾಗೆ ಆಗುದು ಬೇಡ."

ಕಲ್ಯಾಣಕ್ಕ ಬಹಳ ಹೊತ್ತು ನನ್ನ ಕಪ್ಪಾದ ಮೂಲೆಯನ್ನು ನೋಡಿದಳು.

"ಬೀಜ ಐವತ್ತೊಂದೇ ಉಂಟು" ಎಂದಳು ಅಶ್ವಿತಾ. "ಐದು ರಸ್ತೆಯಲ್ಲಿ ಹೋಯ್ತು. ಹುಡುಕಿದೆ. ಸಿಗ್ಲಿಲ್ಲ."

"ಹೋಗಲಿ ಬಿಡು" ಎಂದಳು ಕಲ್ಯಾಣಕ್ಕ. ಸೆರಗಿನಿಂದ ಕೈಯ ತಂಬಾಕಿನ ಪುಡಿ ಒರೆಸಿಕೊಂಡಳು. ಎರಡೂ ಕೈ ಮುಂದಕ್ಕೆ ಚಾಚಿದಳು.

ನಾನೀಗ ಅಟ್ಟದಲ್ಲಿದ್ದೇನೆ. ಬರುವ ಆಟಿಗೆ ಇಳಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ಇಲ್ಲಿ ಸದ್ದಿಲ್ಲ, ಹಾಗಾಗಿ ಆ ಬಡಿತ ಹೆಚ್ಚು ಕೇಳಿಸುತ್ತದೆ. ಕೊಂದವಳು ನಾನೇ ಇದ್ದರೂ ಇರಬಹುದು. ನನಗೆ ಖಚಿತವಾಗಿ ಗೊತ್ತಿರುವುದು ಆ ಮಧ್ಯಾಹ್ನದ್ದು ಮಾತ್ರ. ಕಲ್ಯಾಣಕ್ಕ ನನ್ನನ್ನು ಹಿಡಿದಳು. ಅಶ್ವಿತಾ ಬಿಡಲಿಲ್ಲ. ಇಬ್ಬರೂ ಹಾಗೇ ನಿಂತಿದ್ದರು, ಅಂಗಳದ ಬಿಸಿಲಿನಲ್ಲಿ, ನನ್ನ ಎರಡು ತುದಿ ಹಿಡಿದು. ಕಲ್ಯಾಣಕ್ಕ ಎಳೆಯಲಿಲ್ಲ. ಕಾದಳು. ಆಮೇಲೆ ಅಶ್ವಿತಾಳ ಬೆರಳುಗಳು ಒಂದೊಂದಾಗಿ ಸಡಿಲಿದವು.